ಅವ್ವನಿಲ್ಲದ ಜಾಹೀರಾತು

ಹಿರಿಯೂರಿನಲ್ಲಿ ಫೋಟೋದಿಂದ ಯಾರನ್ನಾದರೂ ತೆಗೆಸಬೇಕೆಂದರೆ ಜನ ಹೇಮಾವತಿಯ ಬಳಿಗೇ ಬರುತ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕುಳಿತಿದ್ದಾಳೆ. ಮದುವೆ ಕಾರ್ಡು, ಫ್ಲೆಕ್ಸು ಎಲ್ಲ ಮಾಡುತ್ತಾಳೆ, ಆದರೆ ಹೆಸರು ಬಂದದ್ದು ಜಗಳ ಬಿದ್ದವರಿಂದ. ಗೃಹಪ್ರವೇಶದ ಫೋಟೋದಿಂದ ಮಾತು ಬಿಟ್ಟ ಭಾವನನ್ನು ತೆಗೆದರೆ, ಅಲ್ಲೊಬ್ಬ ನಿಂತಿದ್ದನೆಂದು ಅವನ ಹೆಂಡತಿಗೂ ಗೊತ್ತಾಗಬಾರದು, ಅಂಥ ಕೈ.

ಕಳೆದ ತಿಂಗಳು ಈ ಕೈಗೆ ದಿವ್ಯಾಳ ಕೆಲಸ ಬಂತು. ದಿವ್ಯಾ ಹಿರಿಯೂರಿಗೆ ಹತ್ತಿರದ ಬಬ್ಬೂರಿನಲ್ಲಿ ಹೇಮಾವತಿಯ ಪಕ್ಕದ ಮನೆಯವಳು. ಯಾವ ಕಂಪನಿಯ ಹಂಗೂ ಇಲ್ಲದೆ, ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಸೋಬಾನೆ ಪದ, ಹೊಲದ ಪದಗಳ ಆಲ್ಬಂ ಮಾಡಿದ್ದಳು. ಅದಕ್ಕೆ ಮಾಸಪತ್ರಿಕೆಯೊಂದರಲ್ಲಿ ಪೂರ್ತಿ ಪುಟದ ಜಾಹೀರಾತು ಬೇಕಿತ್ತು. ಆಲ್ಬಮ್ಮಿನಲ್ಲಿದ್ದ ಎಂಟೂ ಪದಗಳನ್ನು ಅವಳಿಗೆ ಕಲಿಸಿದವಳು ಹೇಮಾವತಿಯ ತಾಯಿ ಏಕಾಂತಮ್ಮ. ಸ್ವಂತ ಮಗಳಿಗೆ ಒಂದನ್ನೂ ಕಲಿಸಿರಲಿಲ್ಲ.

ದಿವ್ಯಾ ಕಳಿಸಿದ ಫೋಟೋವನ್ನು ಹೇಮಾವತಿ ತೆರೆದಳು. ಅವ್ವ ದಿವ್ಯಾಳ ಹೆಗಲ ಮೇಲೆ ಕೈಹಾಕಿ ಬಾಯ್ತುಂಬ ಹಾಡುತ್ತಿದ್ದಳು. ಜೊತೆಗೊಂದು ಮೆಸೇಜು: ಹೇಮಕ್ಕ, ಅವ್ವ ದೊಡ್ಡದಾಗಿ ಕಾಣಬೇಕು, ನಾನು ಸಣ್ಣಗಿದ್ದರೂ ನಡೆಯುತ್ತೆ. ಅವ್ವ ಅಂತೆ. ಯಾರ ಅವ್ವ?

ಹೇಮಾವತಿ ಮಧ್ಯಾಹ್ನದ ಊಟಕ್ಕೂ ಏಳದೆ ತಾಯಿಯನ್ನು ತೆಗೆದಳು. ಹೆಗಲ ಮೇಲಿನ ಕೈಗೇ ಒಂದು ಗಂಟೆ ಹಿಡಿಯಿತು. ಬೆರಳುಗಳನ್ನು ಒಂದೊಂದಾಗಿ ಅಳಿಸಿ, ಆ ಜಾಗಕ್ಕೆ ದಿವ್ಯಾಳ ಸೀರೆಯ ಅಂಚನ್ನು ಎಳೆದು ತಂದಳು. ಖಾಲಿಯಾದ ಕಡೆ ಆಲ್ಬಮ್ಮಿನ ಹೆಸರು ಕೂರಿಸಿದಳು. ಪುಟ ಚೆನ್ನಾಗಿಯೇ ಬಂತು. ಅದನ್ನೂ ಅವಳಿಂದ ಸಹಿಸಲಾಗಲಿಲ್ಲ.

ದಿವ್ಯಾಳಿಗೆ ಕಳಿಸುವ ಮೊದಲೇ ಒಂದು ಪ್ರಿಂಟ್ ತೆಗೆದು ಸಂಜೆ ಮನೆಗೆ ಒಯ್ದಳು. ಅವ್ವ ನೋಡಲಿ, ನೊಂದುಕೊಳ್ಳಲಿ, ಇನ್ನು ಮೇಲೆ ಆ ಹುಡುಗಿಯನ್ನು ಹೊಸ್ತಿಲು ತುಳಿಯಲು ಬಿಡದಿರಲಿ ಎಂಬುದೇ ಅವಳ ಆಸೆ.

ಏಕಾಂತಮ್ಮ ಕಾಗದವನ್ನು ದೂರ ಹಿಡಿದು ನೋಡಿದಳು.

“ನಾನೆಲ್ಲಿದೀನೇ ಇದ್ರಾಗೆ?”

“ದಿವ್ಯಾನೇ ಬ್ಯಾಡ ಅಂದ್ಲವ್ವ.”

ಮುದುಕಿಯ ಮುಖ ಇಳಿದುಹೋಯಿತು. ಹೇಮಾವತಿ ಕಾದಿದ್ದು ಇದಕ್ಕೇ. ಆದರೆ ಬೈಗುಳ ಬರಲಿಲ್ಲ. ಹೋಗಲಿ ಬಿಡು, ಹುಡುಗಿ ಲಕ್ಷಣವಾಗಿ ಕಾಣುತ್ತಾಳೆ ಎಂದು ಕಾಗದ ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಹೇಮಾವತಿಗೆ ತಡೆಯಲಾಗಲಿಲ್ಲ. ಅವಳಿಗೆ ಎಂಟು ಪದ ಕಲಿಸಿದೆಯಲ್ಲ, ನನಗೇಕೆ ಒಂದೂ ಇಲ್ಲ ಎಂದು ಕೇಳಿಯೇಬಿಟ್ಟಳು.

“ಕಳೆ ಕೀಳೋವಾಗ ನಾನು ಪದ ಎತ್ತಿದ್ರೆ, ನೀನೇ ‘ನನ್ ಗೆಳತೀರು ನಗ್ತಾರೆ, ಸುಮ್ನಿರವ್ವ’ ಅಂತಿದ್ದೆ. ನಿನಗ್ಯಾಕೆ ನಾಚ್ಕೆ ಅಂತ ನಿನ್ ಮುಂದೆ ಹಾಡೋದೇ ಬಿಟ್ಟೆ ಕಣೇ.”

ಹೇಮಾವತಿಗೆ ನೆನಪಿತ್ತು. ಹೈಸ್ಕೂಲಿಗೆ ಹೋಗುವ ದಾರಿ, ಪಕ್ಕದಲ್ಲೇ ಶೇಂಗಾ ಹೊಲ, ಅಲ್ಲಿ ಅವ್ವನ ದನಿ ಕೇಳಿದೊಡನೆ ತಾನು ಬಿರಬಿರನೆ ಮುಂದೆ ಹೋಗುತ್ತಿದ್ದುದು. ತಲೆ ತಗ್ಗಿಸಿ, ದಿವ್ಯಾ ಏನೂ ಹೇಳಿಲ್ಲ, ತೆಗೆದದ್ದು ನಾನೇ ಎಂದಳು. ಬೈಯಲಿ, ಎರಡೇಟು ಹಾಕಲಿ ಎಂದು ಕಾದಳು.

“ಹಂಗಾರೆ ಅವಳು ಬ್ಯಾಡ ಅಂದಿಲ್ಲ?”

ಅವ್ವನ ಮುಖ ಅರಳಿಬಿಟ್ಟಿತು. ಯಾಕೆ ಹಾಗೆ ಮಾಡಿದೆ ಎಂದು ಮಗಳನ್ನು ಕೇಳಲೂ ಇಲ್ಲ. ಕಾಗದವನ್ನು ಮತ್ತೆ ಬಿಡಿಸಿ, ದಿವ್ಯಾಳ ಕೆನ್ನೆಯ ಮೇಲೆ ಬಿದ್ದಿದ್ದ ಮಡಿಕೆಯ ಗೆರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರತೊಡಗಿದಳು. ಹೇಮಾವತಿ ಪಕ್ಕದಲ್ಲೇ ಕುಳಿತಿದ್ದಳು.