ಮಾಮನ ಹೆಸರಿನ ಇನ್ನೊಬ್ಬರು

ಅಮ್ಮನ ಅಣ್ಣ ದುಬೈಯಲ್ಲಿ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಸಮಾಧಿ ಎಲ್ಲಿದೆಯೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಲಸ ಸಿಕ್ಕಿ ನಾನು ದುಬೈಯ ಕರಾಮಕ್ಕೆ ಬಂದ ಮೇಲೆ ಅಮ್ಮ ಆ ಹುಡುಕಾಟವನ್ನು ನನಗೆ ಒಪ್ಪಿಸಿದರು.

ರಜೆಯ ದಿನಗಳಲ್ಲಿ ಚರ್ಚಿನ ಹಳೆಯ ಮರಣ ದಾಖಲೆಯ ಪುಸ್ತಕಗಳನ್ನು ಓದತೊಡಗಿದೆ. ನಮ್ಮ ಊರ ಕಡೆಯವರೇ ಆದ ಅಲ್ಲಿನ ಹಿರಿಯ ಗುಮಾಸ್ತರು ನಕ್ಕರು. "ಎಂತ ಮಾರಾಯ್ತಿ, ನಮ್ಮ ಅಜ್ಜಂದಿರಿಗೆ ದೀಕ್ಷಾಸ್ನಾನ ಕೊಡುವಾಗ ಪಾದ್ರಿಗಳು ಊರಿಗೆಲ್ಲ ಒಂದೇ ಅಡ್ಡಹೆಸರು ಹಂಚಿದ್ದಾರೆ. ಇದರಲ್ಲಿ ನಿನ್ನ ಮಾಮನನ್ನು ಹೇಗೆ ಹುಡುಕ್ತಿ?"

ಆ ಅಡ್ಡಹೆಸರಿನ ಒಂಬತ್ತು ಗಂಡಸರು ಸಿಕ್ಕಿದರು. ಮಾಮನ ಹೆಸರೂ ವಯಸ್ಸೂ ಹೊಂದಿಕೆಯಾದದ್ದು ಒಬ್ಬರಿಗೆ ಮಾತ್ರ. ತಂದೆಯ ಹೆಸರು ಬರೆಯುವ ಜಾಗ ಖಾಲಿಯಿತ್ತು. ಆದರೂ ಇವರೇ ಎಂದು ಅಮ್ಮನಿಗೆ ಹೇಳಿಬಿಟ್ಟೆ. ನನಗೆ ದಣಿವಾಗಿತ್ತು.

ಮೂರು ವರ್ಷ, ಸತ್ತವರ ಹಬ್ಬದ ದಿನ, ದಾಖಲೆಯಲ್ಲಿದ್ದ ಸಂಖ್ಯೆಯ ಸಮಾಧಿಗೆ ಮೇಣದಬತ್ತಿ ಹಚ್ಚಿದೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ಪ್ರಾರ್ಥಿಸಿದರು. ಈ ವರ್ಷ ಅಬುಧಾಬಿಯಿಂದ ಬಂದ ಹೆಂಗಸೊಬ್ಬರು ಅಲ್ಲಿ ನಿಂತಿದ್ದರು.

"ಬತ್ತಿ ಹಚ್ಚುತ್ತಿದ್ದದ್ದು ನೀವಾ, ಬಾಯೆ? ಇದು ನನ್ನ ಪಪ್ಪ. ಅವರಿಗೆ ಇನ್ನೊಂದು ಸಂಸಾರ ಇತ್ತೋ ಏನೋ ಅಂತ ಹೆದರಿದ್ದೆ!"

ಅವರ ಬಳಿ ತಂದೆಯ ಮರಣಪತ್ರವಿತ್ತು. ಅದರಲ್ಲಿದ್ದದ್ದು ಇದೇ ಸಮಾಧಿಯ ಸಂಖ್ಯೆ. ನಾನು ಕ್ಷಮೆ ಕೇಳಿದೆ. ವಿಡಿಯೊ ಕಾಲ್‌ನಲ್ಲೇ ಇದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನನ್ನನ್ನು ಬೈಯಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನನ್ನ ಅಣ್ಣನಿಗೆ ಯಾರು ಹಚ್ಚಿದ್ರು?" ಎಂದು ಮಾತ್ರ ಕೇಳಿದರು.