ಕಳ್ಳ ಷರತ್ತು

ಸಫಿಯಾ, ಆ ಕೆಂಪು ಗೆರೆಯನ್ನು ಹಸಿರು ಮಾಡಿದವನು ನಾನು. ನೀನಲ್ಲ. ನಿನ್ನ ಕಂಪ್ಯೂಟರೂ ಅಲ್ಲ. ನೀನು ಊಟದ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಾಗ, ನಿನ್ನ ಕುರ್ಚಿಯಲ್ಲಿ ಕೂತು, ನಿನ್ನ ಹೆಸರಿನಲ್ಲಿ ನಾನೇ ಒತ್ತಿದೆ.

ಇಷ್ಟು ಬರೆಯಲು ಎರಡು ಮಳೆಗಾಲ ಬೇಕಾಯಿತು. ನಾಲಿಗೆಯಲ್ಲಿ ನನ್ನನ್ನು ಮೀರಿಸುವವರು ಮಡಿಕೇರಿಯಲ್ಲಿ ಯಾರೂ ಇಲ್ಲ ಎಂದು ಮೆರೆದವನು ನಾನು, ನಿನಗೇ ಗೊತ್ತು. ಆ ನಾಲಿಗೆ ಬೇಕಾದಲ್ಲಿ ಮಾತ್ರ — ಇರಲಿ. ಮೊದಲಿಂದ ಹೇಳುತ್ತೇನೆ. ನಿನಗೆ ಅರ್ಧ ಗೊತ್ತು, ಉಳಿದರ್ಧ ಈಗ ಗೊತ್ತಾಗಲಿ.

ನಮ್ಮ ಕಂಪನಿಯ ಕೆಲಸ ಗುಡ್ಡ ಕಡಿದು ಹೋಂಸ್ಟೇ ಕಟ್ಟುವುದು, ಗುಡ್ಡ ಜಾರದಂತೆ ತಡೆಗೋಡೆ ಕಟ್ಟುವುದು. ಕರಾರು ಬರೆಯುವವನು ನಾನು. ತಲೆ ಕಪ್ಪಿದ್ದಾಗಿನಿಂದ ಬರೆದವನು. ಯಾರೂ ಕರಾರು ಓದುವುದಿಲ್ಲ, ಕೊನೆಯ ಪುಟ ತೆಗೆದು ಸಹಿ ಹಾಕುತ್ತಾರೆ ಎಂದು ಸಿಟ್ಟು ಬಂದು ಒಂದು ಆಟ ಶುರು ಮಾಡಿದೆ. ಪ್ರತಿ ಕರಡಿನಲ್ಲೂ ಎಲ್ಲೋ ಒಂದು ಕಡೆ ಒಂದು ಕಳ್ಳ ಷರತ್ತು ಅಡಗಿಸಿಡುತ್ತಿದ್ದೆ. ಹುಡುಕಿದವರಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ ನನ್ನ ಕಡೆಯಿಂದ ಊಟ. ಅದು ಸಿಕ್ಕಿ, ತೆಗೆದುಹಾಕುವ ತನಕ ಕರಡು ಸಹಿಗೆ ಹೋಗುವಂತಿಲ್ಲ. ‘ಅತಿಥಿಗಳು ಏಳುವ ಮೊದಲು ಕೂಗದಂತೆ ಗುತ್ತಿಗೆದಾರನು ಊರಿನ ಹುಂಜಗಳಿಗೆ ತರಬೇತಿ ಕೊಡತಕ್ಕದ್ದು’ — ಇದು ನನ್ನದೇ. ಇಂಗ್ಲಿಷಿನಲ್ಲಿ ಅದು ಎಷ್ಟು ಗಂಭೀರವಾಗಿ ಕೂತಿತ್ತೆಂದರೆ, ಧಣಿ ಎರಡು ಸಲ ಓದಿಯೂ ತಲೆಯಾಡಿಸಿದರು! ನಗಬೇಡ. ನಗು, ಪರವಾಗಿಲ್ಲ. ಆಟದಲ್ಲಿ ಉಪಾಯವೂ ಇತ್ತು: ಕಳ್ಳನನ್ನು ಹುಡುಕುವ ಆಸೆಗೆ ಮೇಸ್ತ್ರಿಯಿಂದ ಧಣಿಯ ತನಕ ಎಲ್ಲರೂ ಪ್ರತಿ ಸಾಲನ್ನೂ ಓದುತ್ತಿದ್ದರು.

ಹುಡುಕುವುದರಲ್ಲಿ ಎಲ್ಲರಿಗಿಂತ ಗಟ್ಟಿಗ ಸಂಪಾಜೆಯ ಕುಶಾಲಪ್ಪ. ಗೋಡೆಯ ಕೆಲಸವೆಲ್ಲ ಅವನದೇ ಗುತ್ತಿಗೆ. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಹಿಡಿದು, ಆಫೀಸಿನ ಬಾಗಿಲಿನಿಂದಲೇ ಕೂಗುತ್ತಿದ್ದ: “ಮಲ್ಲೇಶಪ್ಪಾ, ಕಳ್ಳ ಸಿಕ್ಕಿತ್! ಏಳ್, ಅನ್ನ ಹಾಕ್!”

ಆಮೇಲೆ ನೀನು ಬಂದೆ. ವಿರಾಜಪೇಟೆಯಿಂದ ದಿನಾ ಬಸ್ಸಿನಲ್ಲಿ, ಕಿಟಕಿಯ ಗಾಳಿಗೆ ಕೆಂಪಾದ ಕಣ್ಣಿನಲ್ಲಿ. ಧಣಿ ನಿನ್ನನ್ನು ತಂದದ್ದೇ ಆ ತಂತ್ರಾಂಶಕ್ಕಾಗಿ — ಕರಾರನ್ನು ಒಳಗೆ ಹಾಕಿದರೆ, ಸರಿಯಿರುವ ಷರತ್ತಿಗೆ ಹಸಿರು ಗೆರೆ, ಅನುಮಾನ ಬಂದದ್ದಕ್ಕೆ ಕೆಂಪು ಗೆರೆ. ಕೆಂಪನ್ನು ಮನುಷ್ಯರು ನೋಡಿ ತೀರ್ಮಾನಿಸಬೇಕು. ಎಲ್ಲ ಹಸಿರಾದ ಮೇಲೆ, ಸೈಟಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಅದೇ ಸಾಲಾಗಿ ಇಟ್ಟು ಗುತ್ತಿಗೆದಾರನ ಫೋನಿಗೆ ಕಳಿಸುತ್ತದೆ. ಸಾಮಾನು ತರಿಸುವುದೂ ಆ ಸಾಲಿನ ಪ್ರಕಾರವೇ.

ಮೊದಲ ದಿನ ಪರೀಕ್ಷೆಗೆಂದು ನೀನು ನನ್ನ ಹಳೆಯ ಕರಡೊಂದನ್ನು ಹಾಕಿದೆ. ನಾನು ಚಹಾ ಲೋಟ ಎತ್ತಿ ಬಾಯಿಗಿಡುವಷ್ಟರಲ್ಲಿ ಹುಂಜದ ಷರತ್ತಿನ ಕೆಳಗೆ ಕೆಂಪು ಗೆರೆ ಬಿತ್ತು. ‘ಇದು ಕಾಮಗಾರಿಗೆ ಸಂಬಂಧಿಸಿದಂತೆ ಕಾಣುತ್ತಿಲ್ಲ, ಪರಿಶೀಲಿಸಿ.’

“ಅಂಕಲ್, ನಿಮ್ಮ ಕೋಳಿ ಸಿಕ್ಕಿಬಿತ್ತು!” ಅಂದೆ ನೀನು.

ಆಫೀಸೆಲ್ಲ ನಕ್ಕಿತು. ನಾನು ನಗಿಸಿದ್ದಕ್ಕಲ್ಲ — ನನ್ನನ್ನು ನೋಡಿ. ಧಣಿ ಕಣ್ಣು ಒರೆಸಿಕೊಂಡು, “ಮಲ್ಲೇಶಪ್ಪ, ಇನ್ನು ನಿಮ್ಮ ಅಂಗಡಿ ಬಂದ್ ಕಣ್ರೀ” ಅಂದರು. ನಿನಗೆ ನನ್ನ ಮುಖ ಕಂಡಿರಬೇಕು. ಮಧ್ಯಾಹ್ನ ನೀನೇ ನನ್ನನ್ನು ಹೋಟೆಲಿಗೆ ಕರೆದೊಯ್ದು, “ಇವತ್ತು ಗೆದ್ದವರೇ ಊಟ ಕೊಡಿಸೋದು, ಹೊಸ ರೂಲು” ಎಂದು ಕಡಂಬುಟ್ಟಿನ ಅಕ್ಕಿ ಉಂಡೆ, ಕೋಳಿಸಾರು ತರಿಸಿ ಬಡಿಸಿದೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ನನಗೆ ಅದು ಸೋತವನಿಗೆ ಹಾಕಿದ ಅನ್ನ ಅನ್ನಿಸಿತು.

ನಿನ್ನ ಯಂತ್ರವನ್ನು ಒಂದು ಸಲವಾದರೂ ನಗೆಪಾಟಲು ಮಾಡಬೇಕು ಎಂಬ ಹಟ ಹೊತ್ತಿತು. ಅಷ್ಟರಲ್ಲಿ ಇಳಿಜಾರಿನ ಆ ದೊಡ್ಡ ಹೋಂಸ್ಟೇಯ ತಡೆಗೋಡೆ ಬಂತು, ಕೆಲಸ ಮತ್ತೆ ಕುಶಾಲಪ್ಪನಿಗೇ. ಗೋಡೆಯ ಹಿಂದೆ ನಿಂತ ನೀರು ಹೊರಗೆ ಹರಿಯಲು ಪೈಪಿನ ದಾರಿ ಬೇಕು. ಮಳೆಗೆ ಮೊದಲು ಅದು ಆಗಲೇಬೇಕು. ಪ್ರತಿ ಕರಾರಿನಲ್ಲೂ ‘ಮಣ್ಣು ತುಂಬುವ ಮುಂಚೆ’ ಎಂದು ಬರೆದ ಕೈ ಇದು. ಈ ಸಲ ಅದೇ ಜಾಗದಲ್ಲಿ ಕಳ್ಳನನ್ನು ಕೂರಿಸಿದೆ: ‘ಗೋಡೆಯು ಬಾಯಿಬಿಟ್ಟು ಕೇಳಿದ ಮೇಲೆ ನೀರಿನ ದಾರಿ ಮಾಡಿಕೊಡತಕ್ಕದ್ದು.’ ಬರೆಯುವಾಗ ಒಬ್ಬನೇ ನಕ್ಕೆ. ನನ್ನ ಜೀವಮಾನದ ಅತಿ ಒಳ್ಳೆಯ ತಮಾಷೆ ಅಂದುಕೊಂಡೆ.

ನಿನ್ನ ಯಂತ್ರ ಮೋಸ ಹೋಗಲಿಲ್ಲ, ಸಫಿಯಾ. ಅದನ್ನೇ ನಿನಗೆ ಮೊದಲು ಹೇಳಬೇಕಿತ್ತು. ಆ ಮಧ್ಯಾಹ್ನ ನೀನು ಕರಾರನ್ನು ಒಳಗೆ ಹಾಕಿ, ಅದು ಓದಿ ಮುಗಿಸುವಷ್ಟರಲ್ಲಿ ಬರುತ್ತೇನೆಂದು ಡಬ್ಬಿ ಹಿಡಿದು ಎದ್ದೆ. ಪರದೆ ಹಾಗೇ ತೆರೆದಿತ್ತು — ನನ್ನ ಮೇಲೆ ನಂಬಿಕೆ. ಕೆಂಪು ಗೆರೆ ಬಿತ್ತು. ‘ಈ ಕೆಲಸ ಯಾವಾಗ ಎಂಬುದು ಸ್ಪಷ್ಟವಿಲ್ಲ. ಮಳೆಗಾಲಕ್ಕೆ ಮುಂಚೆ ಪರಿಶೀಲಿಸಿ.’ ಎಂಥ ಜಾಣ! ನನಗೆ ಮೈ ಉರಿಯಿತು. ‘ಸರಿಯಿದೆ’ ಎಂದು ಒತ್ತಿದೆ. ಕಾರಣ ಕೇಳಿತು. ‘ನಮ್ಮ ಹಳೆಯ ವಾಡಿಕೆ’ ಎಂದು ಬರೆದೆ. ಪಾಪ, ನಂಬಿತು. ಹಸಿರಾಯಿತು.

ಶನಿವಾರದ ಮೀಟಿಂಗಿನಲ್ಲಿ ಧಣಿಯ ಎದುರು ಅದನ್ನು ಗಟ್ಟಿಯಾಗಿ ಓದಿ, ‘ನೋಡಿ, ನಿಮ್ಮ ಯಂತ್ರ ಬಿಟ್ಟ ಕಳ್ಳ’ ಎಂದು ಹೇಳುವುದು ನನ್ನ ಯೋಜನೆ. ಆದರೆ ಧಣಿ ಯಾರದೋ ಮದುವೆಗೆ ಹೊರಟರು. ಮೀಟಿಂಗ್ ಇಲ್ಲವೆಂದು ನಾನು ಮನೆಯಲ್ಲೇ ಉಳಿದೆ. ಹೋಂಸ್ಟೇಯವರು ಅವಸರ ಮಾಡಿದರು. ಎಲ್ಲ ಹಸಿರಿದ್ದದ್ದು ನೋಡಿ, ಈ ಸಲ ಕಳ್ಳ ಇಲ್ಲವೆಂದುಕೊಂಡು ನೀನು ಸಹಿಗೆ ಕಳಿಸಿದೆ. ಸೋಮವಾರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಒಂದು ತಿದ್ದುಪಡಿ, ನನಗೆ ಒಂದಿಷ್ಟು ಬೈಗುಳ, ಅಷ್ಟೆ. ಆದರೆ ನಿನ್ನ ಕುರ್ಚಿಯಲ್ಲಿ ಕೂತಿದ್ದೆ ಎಂದೂ ಹೇಳಬೇಕಾಗುತ್ತಿತ್ತಲ್ಲ... ಕುಶಾಲಪ್ಪ ಹಿಡಿದೇ ಹಿಡಿಯುತ್ತಾನೆ ಎಂದು ಕಾದೆ. ಕೆಲಸ ಶುರುವಾದ ಮೇಲೆ ಫೋನ್ ಮಾಡಿದೆ.

“ಏನಪ್ಪಾ, ಕಳ್ಳ ಸಿಕ್ಕಿದ್ನಾ?”

“ಯಾವ ಕಳ್ಳ? ಓದೋ ಕೆಲ್ಸ ಈಗ ಇಲ್ಲೆ ಮಾರಾಯ. ಎಂಥ ಮೊದ್ಲು, ಎಂಥ ಮತ್ತೆ, ಎಲ್ಲ ಫೋನಿಗೇ ಬಂದುಟ್ಟು. ಮಗಳೂ ಆರಾಮ, ನಾನೂ ಆರಾಮ.”

“ಮತ್ತೆ ನೀರಿನ ಪೈಪು?”

“ಅದು ಕೊನೆಗೆ ಉಟ್ಟು. ಪೈಪೇ ಬಂದಿಲ್ಲೆ ಇನ್ನೂ. ಆಫೀಸಿಲಿ ಕೇಳ್ದೆ, ಸಾಲಿಲಿ ಇದ್ದಂಗೆ ಮಾಡ್ ಹೇಳ್ದೊ.”

ನನಗೆ ಗೊತ್ತಾಯಿತು. ಷರತ್ತಿನಲ್ಲಿ ಕಾಲವಿಲ್ಲ, ಕಾಲವಿಲ್ಲದ್ದನ್ನು ಯಂತ್ರ ಎಲ್ಲದರ ಕೊನೆಗೆ ಇಟ್ಟಿತ್ತು. ಬಾಯಿ ತೆರೆದೆ. “ಸರಿ ಬಿಡು, ಊಟ ಉಳೀತು ನನಗೆ” ಅಂದೆ. ಇಬ್ಬರೂ ನಕ್ಕೆವು. ಫೋನ್ ಇಟ್ಟೆ.

ಮಳೆ ಹಿಡಿದ ಮೇಲೆ ಗೋಡೆ ಉಬ್ಬಿತು. ಹಗಲು ಹೊತ್ತಿನಲ್ಲೇ, ಚಹಾದ ವೇಳೆಗೆ ಬಾಯಿಬಿಟ್ಟಿತು. ಬಿರುಕು ಎಲ್ಲಿ ಬಂತೆಂದು ನೋಡಲು ಕುಶಾಲಪ್ಪ ಹತ್ತಿರ ಹೋಗಿದ್ದ. ಕಲ್ಲು ಸರಿಸಿ ಅವನನ್ನು ತೆಗೆಯುವಾಗ ಜೀವ ಇತ್ತು. ಬಲಗಾಲನ್ನು ಉಳಿಸಲಾಗಲಿಲ್ಲ.

ಧಣಿಯ ಕೋಣೆ ನಿನಗೆ ನೆನಪಿರಬೇಕು. ಪರದೆಯ ಮೇಲೆ ನಿನ್ನ ಹೆಸರು, ‘ಸರಿಯಿದೆ’, ‘ನಮ್ಮ ಹಳೆಯ ವಾಡಿಕೆ’. ನೀನು, “ನಾನು ಒತ್ತಿದ ನೆನಪೇ ಇಲ್ಲ ಸರ್... ಆದ್ರೆ ನನ್ನ ಹೆಸರೇ ಇದೆಯಲ್ಲ” ಅಂದೆ. ‘ಇದ್ಯಾವ ಹುಚ್ಚು ಷರತ್ತು’ ಎಂದು ಧಣಿ ನನ್ನ ಕಡೆ ನೋಡಿದರು. ‘ಎಂದಿನಂತೆ ಇಟ್ಟ ಕಳ್ಳ ಸರ್, ಹಿಡಿಯಬೇಕಾದದ್ದು ಇವಳ ಕೆಲಸ’ ಅಂದೆ. ನೀನು ನನ್ನ ಕಡೆ ತಿರುಗಿದೆ: “ಅಂಕಲ್, ನಾನು ನೋಡದೆ ಕಳಿಸೋಳಲ್ಲ ಅಂತ ನಿಮಗೆ ಗೊತ್ತಲ್ವಾ? ಹೇಳಿ.”

ನಾನು ಹೇಳಿದ್ದು — “ಯಂತ್ರಾನ ನಂಬಿದ್ರೆ ಹಿಂಗೇ ಆಗೋದು, ಮಗಳೇ.”

ಮಗಳೇ ಅಂದೆ. ಅದನ್ನೂ ಅಂದೆ.

ಮರುದಿನದಿಂದ ನೀನು ಬರಲಿಲ್ಲ. ತಂತ್ರಾಂಶವನ್ನು ತೆಗೆಸಿದರು. ನನ್ನ ಆಟವನ್ನೂ ಧಣಿ ನಿಲ್ಲಿಸಿದರು, ಆದರೆ ನನ್ನ ಕುರ್ಚಿ ನನಗೇ ಉಳಿಯಿತು. ಮನುಷ್ಯರ ಕಣ್ಣಿಗೆ ಸಮ ಯಾವುದಿದೆ ಎಂದು ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ. ಈಗ ಯಾರೂ ಕೊನೆಯ ತನಕ ಓದುವುದಿಲ್ಲ. ನಾನೂ ಓದುವುದಿಲ್ಲ; ಅಕ್ಷರದ ಮೇಲೆ ಕಣ್ಣು ಹೋದರೆ ಆ ಗೋಡೆ ಕಾಣುತ್ತದೆ.

ನೀನು ಆಸ್ಪತ್ರೆಗೆ ಹೋಗಿ ಕುಶಾಲಪ್ಪನ ಮಂಚದ ಪಕ್ಕದಲ್ಲಿ ನಿಂತು, “ನಾನೇ ಒತ್ತಿರಬೇಕು, ತಪ್ಪಾಯ್ತು” ಎಂದು ಕಣ್ಣೀರಿಟ್ಟೆಯಂತೆ. ಅವನೇ ಹೇಳಿದ. ಕೆಲಸ ಕಳೆದದ್ದಕ್ಕಿಂತ ದೊಡ್ಡದನ್ನು ನಿನ್ನಿಂದ ಕಿತ್ತುಕೊಂಡೆ ಎಂದು ಅವತ್ತು ತಿಳಿಯಿತು. ನಿನ್ನ ನೆನಪಿನ ಮೇಲೆ ನಿನಗಿದ್ದ ನಂಬಿಕೆಯನ್ನೇ... ಮಾಡದ ಕೆಲಸವನ್ನು ಮಾಡಿದೆ ಎಂದು ನಂಬಿಕೊಂಡು ನೀನು ಎಲ್ಲಿ, ಯಾವ ಕುರ್ಚಿಯಲ್ಲಿ ಹೆದರಿ ಕೂತಿದ್ದೀಯೋ.

ಹೋದ ಭಾನುವಾರ ಹೇಳಿಯೇ ಬಿಡುತ್ತೇನೆಂದು ಸಂಪಾಜೆಗೆ ಹೋದೆ. ಜಗಲಿಯಲ್ಲಿ ಊರುಗೋಲು ಒರಗಿಸಿ ಕೂತಿದ್ದ.

“ಎಂಥ ಉಟ್ಟು ಹೊಸ ತಮಾಷೆ?” ಅಂದ.

“ಕುಶಾಲಪ್ಪ, ಆ ಗೋಡೆ... ಕೆಂಪಾಗಿದ್ದನ್ನ ಹಸಿರು ಮಾಡಿದೋನು ನಾನು. ಸಫಿಯಾ ಅಲ್ಲ.”

ಅವನು ನನ್ನ ಮುಖ ನೋಡಿದ. ಒಂದು ಕ್ಷಣ, ಅಷ್ಟೆ. ಆಮೇಲೆ ತೊಡೆ ತಟ್ಟಿ ನಕ್ಕ. “ಸಾಕ್ ಮಾರಾಯ! ಆ ಹುಡುಗೀನ ಉಳ್ಸಕೆ ನಿನ್ ತಲೆ ಮೇಲೆ ಹಾಕ್ಕಂತಿಯಾ? ನಿಂಗೆ ವಯಸ್ಸಾತ್.” ಕೆಮ್ಮು ಬರುವ ತನಕ ನಕ್ಕ. ಕಾಫಿ ತಂದಿಟ್ಟ ಅವನ ಹೆಂಡತಿ ನಗಲಿಲ್ಲ. ಲೋಟ ಹಿಡಿದ ನನ್ನ ಕೈಯನ್ನೇ ನೋಡುತ್ತ ಬಾಗಿಲಲ್ಲಿ ನಿಂತಳು.

ಅವನು ನಕ್ಕ. ನಾನೂ ನಕ್ಕೆ, ಸಫಿಯಾ. ಅಷ್ಟು ದೂರ ಹೋಗಿ, ಅವನ ಜೊತೆ ನಕ್ಕು ಬಂದೆ.

ಬಾಯಿಂದ ಹೇಳಿದರೆ ನಾನು ಹೇಳಿದ್ದೆಲ್ಲ ತಮಾಷೆ. ಅದಕ್ಕೇ ಬರೆದೆ. ಇದರ ಒಂದು ಪ್ರತಿ ನಾಳೆ ಧಣಿಯ ಮೇಜಿನ ಮೇಲಿರುತ್ತದೆ. ಇನ್ನೊಂದನ್ನು ಕುಶಾಲಪ್ಪನ ಹೆಂಡತಿಯ ಕೈಗೇ ಕೊಡುತ್ತೇನೆ. ನಿನ್ನದು ವಿರಾಜಪೇಟೆಗೆ, ನಿನ್ನ ಅಪ್ಪನ ಅಂಗಡಿಗೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುವವಳು.

ನನ್ನ ಬರಹವನ್ನು ಹೇಗೆ ಓದಬೇಕೆಂದು ನಿನಗೆ ಗೊತ್ತು. ಮೊದಲ ಸಾಲಿಂದ ಮತ್ತೆ ಓದು, ಒಂದೊಂದೇ ಮಾತಿನ ಕೆಳಗೆ ಬೆರಳಿಟ್ಟು ಹುಡುಕು. ಈ ಸಲ ಕಳ್ಳನನ್ನು ಎಲ್ಲೂ ಅಡಗಿಸಿಲ್ಲ.