ಕಾಲಡಿಯ ಕಾಯಿ ಮೂಟೆ

ನಮ್ಮ ಕಡೆ ಒಂದು ವಿಚಿತ್ರ ಮರ್ಯಾದೆ ಇತ್ತು. ತೆಂಗಿನ ತೋಟ ಇರುವವರು ತೆಂಗಿನ ತೋಟ ಇರುವ ಇನ್ನೊಂದು ಮನೆಗೆ ಹೋಗುವಾಗಲೂ ಕಾಯಿ ತೆಗೆದುಕೊಂಡೇ ಹೋಗಬೇಕು. ಬರುವಾಗ ಅವರು ತಮ್ಮ ತೋಟದ ಕಾಯಿ ಕಟ್ಟಿಕೊಡಬೇಕು. ತಿಪಟೂರಿನ ಕಾಯಿ ದಂಡಿನಶಿವರಕ್ಕೆ ಹೋಗಿ ದಂಡಿನಶಿವರದ ಕಾಯಿ ತಿಪಟೂರಿಗೆ ಬಂದರೆ ಯಾರಿಗೇನು ಲಾಭ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಬಂದವಳು, ಲಾಜಿಕ್ ಎನ್ನುವುದು ಎಲ್ಲ ಕಡೆಯೂ ನಡೆಯುತ್ತದೆ ಅಂದುಕೊಂಡಿದ್ದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, "ಬರಿಗೈಲಿ ಹೋಗಿ ಕೂತ್ಕಳಕ್ಕೆ ನಾವೇನು ಜನಗಣತಿ ಮಾಡೋರೇನೇ?" ಅಂದರು. ಅಲ್ಲಿಗೆ ನನ್ನ ಲಾಜಿಕ್ ಮುಗಿಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ದಂಡಿನಶಿವರದ ನೆಂಟರ ಮನೆಗೆ ನಾಮಕರಣಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೊರಟಾಗ ಎಂದಿನಂತೆ ಕಾಯಿ ಮೂಟೆ ಬಂತು. ನಮ್ಮ ಹಳೇ ಅಂಬಾಸಿಡರ್‌ನ ಡಿಕ್ಕಿಯಲ್ಲಿ ಬೆಳಿಗ್ಗೆ ತುರುವೇಕೆರೆಯಲ್ಲಿ ಹಾಕಿಸಿಕೊಂಡ ಕೊಬ್ಬರಿ ಚೀಲಗಳಿದ್ದವು. ಹಿಂದಿನ ಸೀಟಿನಲ್ಲಿ ಬಾಳೆಗೊನೆ. ಮೂಟೆಯನ್ನು ಮುಂದೆ, ನಾನು ಕಾಲಿಡುವ ಜಾಗಕ್ಕೇ ತುರುಕಿದರು. "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ" ಅಂದೆ. ಮೂಟೆಯ ಮೇಲೆ ಎರಡೂ ಕಾಲಿಟ್ಟು, ಮಂಡಿ ಎದೆಗೆ ತಗಲುವಂತೆ ಮುದುಡಿ ಕೂತೆ. ನಮ್ಮ ಕಡೆಯ ಹೆಂಗಸರು ಕಾರಿನಲ್ಲಿ ಕೂರುತ್ತಿದ್ದದ್ದೇ ಹಾಗೆ. ಕಾಲ ಕೆಳಗೆ ಕಾಯಿ ಇಲ್ಲದೆ ಕಾರು ಹೊರಟರೆ ಎಲ್ಲೋ ಜಗಳವಾಗಿದೆ ಎಂದು ಅರ್ಥ.

ಅದು ಹುರುಳಿ ಕಿತ್ತಿದ್ದ ಕಾಲ. ಕಣ ಸಾರಿಸುವ ಕಷ್ಟ ಯಾಕೆಂದು ಜನ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೇ ದಪ್ಪಗೆ ಹರಡುತ್ತಿದ್ದರು. ಬಸ್ಸು ಲಾರಿ ಅದರ ಮೇಲೆ ಹರಿದಾಡಿ ಕಾಳು ಬಿಡಿಸಿಕೊಡುತ್ತಿದ್ದವು. ಒಂದು ತಿರುವಿನಲ್ಲಿ ಎದುರಿಗೆ ಅಮ್ಮಸಂದ್ರದ ಫ್ಯಾಕ್ಟರಿ ಕಡೆ ಹೋಗುವ ಸಿಮೆಂಟ್ ಲಾರಿ ಬಂತು. ಇವರು ಬ್ರೇಕ್ ಹಾಕಿದರು. ಚಕ್ರ ಹುರುಳಿಯ ಮೇಲಿತ್ತು. ಕಾರು ಎಣ್ಣೆಯ ಮೇಲೆ ಜಾರಿದ ಹಾಗೆ ಸದ್ದಿಲ್ಲದೆ ಜಾರಿ ರಸ್ತೆ ಪಕ್ಕದ ಹಳ್ಳಕ್ಕಿಳಿದು ಮಣ್ಣಿನ ದಿಬ್ಬಕ್ಕೆ ಮೂತಿ ಕೊಟ್ಟು ನಿಂತಿತು. ದೊಡ್ಡ ಆಕ್ಸಿಡೆಂಟ್ ಏನಲ್ಲ. ಗಾಜು ಕೂಡ ಒಡೆಯಲಿಲ್ಲ. ಇವರಿಗೆ ಹಣೆಯಲ್ಲಿ ಒಂದು ಬುಗುಟು, ಅಷ್ಟೇ. ನನಗೆ ಸೊಂಟದ ಸ್ವಲ್ಪ ಮೇಲೆ, ಒಳಗೆಲ್ಲೋ, ಏನೋ ಕುಸಿದ ಹಾಗಾಯಿತು. ನೋವು ಆಮೇಲೆ ಬಂತು.

ಹುರುಳಿ ಹರಡಿದ್ದವರೇ ಓಡಿ ಬಂದು ನನ್ನ ತೋಳು ಹಿಡಿದು ಎಳೆದು ಹೊಂಗೆ ಮರಕ್ಕೆ ಒರಗಿಸಿ ಕೂರಿಸಿದರು. ಒಬ್ಬ ಮುದುಕ ಅದೇ ಮೂಟೆಯಿಂದ ಒಂದು ಕಾಯಿ ತೆಗೆದು ಕಲ್ಲಿಗೆ ಕುಟ್ಟಿ, "ನೀರು ಕುಡೀರವ್ವಾ, ಸುಸ್ತು ಹೋಯ್ತದೆ" ಎಂದು ಬಾಯಿಗೆ ಹಿಡಿದ. ಒಳ್ಳೆಯ ಮನಸ್ಸಿನಿಂದ ಅವರು ಮಾಡಿದ್ದೆಲ್ಲ ತಪ್ಪು ಎಂದು ಆಮೇಲೆ ಗೊತ್ತಾಯಿತು. ಸರಿಯಾಗಿ ಮಾಡಿದವನು ಲಾರಿಯ ಡ್ರೈವರ್ ಒಬ್ಬನೇ. "ಅಮ್ಮನ್ನ ಕೂರಿಸ್ಬೇಡಿ, ಮಲಗಿಸಿ" ಎಂದು ಗದರಿ, ಹಿಂದಿನ ಖಾಲಿ ಸಿಮೆಂಟ್ ಚೀಲದ ಕಟ್ಟುಗಳನ್ನು ಹಾಸಿಗೆ ಮಾಡಿ, ಲಾರಿ ತಿರುಗಿಸಿ ನನ್ನನ್ನು ತುಮಕೂರಿಗೆ ಸಾಗಿಸಿದ. ಆಸ್ಪತ್ರೆಯಲ್ಲಿ ಇಳಿಸಿದಾಗ ತಲೆಯಿಂದ ಕಾಲಿನವರೆಗೂ ಬೂದು ಬಣ್ಣವಾಗಿದ್ದೆ. ನರ್ಸ್ ನನ್ನ ರೇಷ್ಮೆ ಸೀರೆಯನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತಗೊಂಡಳು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು. "ಕಾರಲ್ಲಿ ಹೌ ಎಕ್ಸಾಕ್ಟ್ಲಿ ಕೂತಿದ್ರಿ, ಮೇಡಂ?"

ಹೇಳಿದೆ. ಮೂಟೆ, ಅದರ ಮೇಲೆ ಕಾಲು, ಎದೆಗೆ ಮಂಡಿ.

"ನಿಮ್ಮ ತಾಲೂಕುಗಳಿಂದ ಬರೋರಿಗೆಲ್ಲ ಇದೇ ಪ್ರಶ್ನೆ ಕೇಳ್ತೀನಿ" ಎಂದರು. "ಬೆನ್ನು ಮುಂದಕ್ಕೆ ಬಾಗಿತ್ತು. ಹೊಡೆತ ಬಿದ್ದಾಗ ಬೆನ್ನಿನ ಒಂದು ಮೂಳೆ ಮುಂದುಗಡೆ ಜಜ್ಜಿಹೋಗಿದೆ. ಕಾಲು ನೆಲದ ಮೇಲಿದ್ದಿದ್ರೆ ಬಹುಶಃ ಬರೀ ಉಳುಕು. ಪುಣ್ಯಕ್ಕೆ ನರಕ್ಕೆ ಏನೂ ಆಗಿಲ್ಲ."

ಆರು ವಾರ ಹಲಗೆಯ ಮೇಲೆ ಅಂಗಾತ ಮಲಗಬೇಕು. ಆಮೇಲೆ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ಏಳಬೇಕು. ಮುಂದಕ್ಕೆ ಬಾಗಬಾರದು. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಲೇಬಾರದು. ಇದಿಷ್ಟು ಅವರ ಆರ್ಡರ್.

ನನಗೆ ಇದ್ದದ್ದು ಒಂದೇ ಯೋಚನೆ. ನಾನು ತಿಪಟೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಟೆಂಪರರಿ ಪೋಸ್ಟ್. ನಮ್ಮ ಮನೆತನದಲ್ಲಿ ಹೊರಗೆ ಕೆಲಸಕ್ಕೆ ಹೋದ ಮೊದಲ ಸೊಸೆ ನಾನು. ಎರಡು ವರ್ಷ ಮನೆಯವರನ್ನು ಒಪ್ಪಿಸಿ ಪಡೆದ ಕೆಲಸ. ಬ್ಲ್ಯಾಕ್‌ಬೋರ್ಡಿನ ಮುಂದೆ ಚಾಕ್‌ಪೀಸು ಹಿಡಿದು ನಿಂತಾಗ ಮಾತ್ರ, ಯಾರ ಸೊಸೆಯೂ ಯಾರ ಹೆಂಡತಿಯೂ ಅಲ್ಲದ ಒಬ್ಬಳು ನನ್ನೊಳಗೆ ನೆಟ್ಟಗೆ ನಿಲ್ಲುತ್ತಿದ್ದಳು. ಅವಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಮನೆಯಲ್ಲಿ ನನ್ನನ್ನು ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗಿಸಿದರು. ತಿಪಟೂರಿನ ಅಟ್ಟ ಅಂದರೆ ಹಳೇ ಸಾಮಾನು ಇಡುವ ಜಾಗವಲ್ಲ, ಕೊಬ್ಬರಿಯಾಗಬೇಕಾದ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಮಲಗುವ ಜಾಗ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಒಟ್ಟಿದರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಹಲಗೆಯ ಮೇಲೆ ಅಂಗಾತ ಮಲಗಿದ ನನಗೆ ಕಾಣುತ್ತಿದ್ದದ್ದು ಅಟ್ಟದ ಸೀಳು ಬಿದಿರಿನ ದಬ್ಬೆಗಳ ಸಂದಿನಲ್ಲಿ ಆ ಕಾಯಿಗಳ ಕಂದು ಬೆನ್ನು ಮಾತ್ರ. ಅವೂ ಮಲಗಿದ್ದವು, ನಾನೂ ಮಲಗಿದ್ದೆ.

ಎಣ್ಣೆ ತಿಕ್ಕಬಾರದು ಎಂಬ ಮಾತು ಅತ್ತೆಗೆ ನನ್ನ ಮೂಳೆ ಮುರಿದದ್ದಕ್ಕಿಂತ ಹೆಚ್ಚು ನೋವು ಮಾಡಿತು. "ಕೊಬ್ಬರಿ ಎಣ್ಣೆ ಬ್ಯಾಡ ಅಂದನಾ ಆ ಡಾಕ್ಟ್ರು? ಅವನ್ಯಾವ ಸೀಮೆಯೋನು?" ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನ ಎಣ್ಣೆ ಬಟ್ಟಲು ಹಿಡಿದು ಬಂದು ನನ್ನ ಕಾಲ ಬುಡದಲ್ಲಿ ಕೂತು, "ಬೆನ್ನಿಗೆ ಬ್ಯಾಡ ಅಂದವ್ನೆ, ಪಾದಕ್ಕೆ ಅಂದಿಲ್ಲವಲ್ಲ" ಎಂದು ಅಂಗಾಲಿಗೆ ತಿಕ್ಕತೊಡಗಿದರು. ಆಮೇಲೆ ಅದು ದಿನಾ ಸಂಜೆಯ ನೇಮವಾಯಿತು.

ಐದನೆಯ ವಾರ ನಮ್ಮ ಹೆಡ್‌ಮಿಸ್ಟ್ರೆಸ್‌ ಕಾಗದ ಬಂತು. ಪರೀಕ್ಷೆ ಮುಗಿಯುವವರೆಗೆ ಬೇರೆ ಏರ್ಪಾಡು ಮಾಡಿದ್ದೇವೆ, ನೀವು ರೆಸ್ಟ್ ತಗೊಳ್ಳಿ ಎಂದು ಶುರುವಾದ ಕಾಗದ, ಜೂನ್ ಒಂದನೇ ತಾರೀಕು ಸ್ಕೂಲು ತೆರೆದಾಗ ನೀವು ದಿನಕ್ಕೆ ಐದು ಪೀರಿಯಡ್ ನಿಂತು ಪಾಠ ಮಾಡುವ ಹಾಗಿದ್ದರೆ ಸರಿ, ಇಲ್ಲದಿದ್ದರೆ ಕಮಿಟಿಯವರು ಇನ್ನೊಬ್ಬರನ್ನು ನೋಡಿಟ್ಟಿದ್ದಾರೆ ಎಂದು ಮುಗಿದಿತ್ತು. ಅದೇ ದಿನ ನೋಡಲು ಬಂದ ಪಕ್ಕದ ಬೀದಿಯ ಹೆಂಗಸೊಬ್ಬರು ನನ್ನ ದಿಂಬಿನ ಪಕ್ಕ ಕಾಗದ ನೋಡಿ, ನನಗೆ ಕೇಳಿಸುವಂತೆಯೇ ಅತ್ತೆಗೆ ಹೇಳಿದರು: "ಸೊಂಟ ಮುರ್ಕೊಂಡೋಳಿಗೆ ಇಸ್ಕೂಲ್ ಯಾಕ್ರೀ ಇನ್ನ. ಎರಡು ತುತ್ತು ಉಂಡು ಮನೇಲಿ ಬಿದ್ದಿರ್ಲಿ ಬುಡಿ."

"ನಿಮ್ಮ ಸೊಂಟ ಗಟ್ಟಿಯಾಗೈತಲ್ಲ, ನೀವ್ಯಾಕೆ ಹೋಗ್ಲಿಲ್ಲ?" ಎಂದರು ಅತ್ತೆ, ಕಾಫಿ ಲೋಟ ಅವರ ಮುಂದೆ ಇಡುತ್ತಾ.

ಆ ಮಧ್ಯಾಹ್ನ ಮನೆ ಸದ್ದಿಲ್ಲದಾಗ ನಾನು ಎದ್ದೆ. ಒಂದು ವಾರದಿಂದ ನೋವಿರಲಿಲ್ಲ. ಕಾನ್ವೆಂಟಿನ ಹಠ, ಒಂದು ವಾರ ಮೊದಲೇ ಎದ್ದರೆ ಒಂದು ವಾರ ಮೊದಲೇ ನಡೆಯಬಹುದು ಎಂಬ ಲೆಕ್ಕ. ಪಕ್ಕಕ್ಕೆ ಹೊರಳಿ, ಹಲಗೆ ಹಿಡಿದು, ಎದ್ದು ನಿಂತೇಬಿಟ್ಟೆ. ಕಿಟಕಿಯವರೆಗೆ ಮೂರು ಹೆಜ್ಜೆ. ಮೂರನೆಯದಕ್ಕೆ ಬೆನ್ನಿನಲ್ಲಿ ಬೆಂಕಿ ಹೊತ್ತಿತು. ಕಾಲು ನನ್ನ ಮಾತು ಕೇಳಲಿಲ್ಲ. ಕಿಟಕಿಯ ಸರಳಿಗೆ ಜೋತುಬಿದ್ದೆ. ಅತ್ತೆ ಬಂದು ನೋಡಿದಾಗ ಎಷ್ಟು ಹೊತ್ತಿನಿಂದ ಹಾಗೆ ಇದ್ದೆನೋ ತಿಳಿಯದು.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಯಜಮಾನರನ್ನು ಕೂಗಿ, ಇಬ್ಬರೂ ಸೇರಿ ನನ್ನನ್ನು ಮತ್ತೆ ಹಲಗೆಗೆ ಹಾಕಿದರು. ಆಮೇಲೆ ಆ ವಯಸ್ಸಿನಲ್ಲಿ ಏಣಿ ಹತ್ತಿ ಅಟ್ಟದಿಂದ ಒಂದು ಕಾಯಿ ತಂದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನನ್ನ ಕಿವಿಗೂ ಹಿಡಿದರು. ಒಳಗೆ ಒಂದಿಷ್ಟು ನೀರಿನ ಸದ್ದು. ಹಿತ್ತಲಿಗೆ ಹೋಗಿ ಸಿಪ್ಪೆ ಬಿಡಿಸಿ ಒಡೆದು ತಂದು ನನ್ನ ಕಣ್ಣ ಮುಂದೆ ಹಿಡಿದರು. ತಿರುಳು ಬೆಳ್ಳಗೆ, ಚಿಪ್ಪಿಗೆ ಅಂಟಿಕೊಂಡೇ ಇತ್ತು. ನಮ್ಮಂಥ ಮನೆಯಲ್ಲಿ ಅಟ್ಟಕ್ಕೇರಿಸಿದ ಕಾಯಿಯನ್ನು ಅವಧಿಗೆ ಮೊದಲು ಒಡೆಯುವುದು ಪಾಪ ಮಾಡಿದಂತೆ. ಅತ್ತೆ ಅದನ್ನು ಬೇಕೆಂದೇ ಮಾಡಿದ್ದರು.

"ಎಂಟು ತಿಂಗಳಾಗೈತೆ ಇದಕ್ಕೆ" ಎಂದರು. "ಇನ್ನ ಮೂರು ತಿಂಗಳು ಬಿಟ್ಟಿದ್ರೆ ಕೊಬ್ಬರಿ ಆಗ್ತಿತ್ತು. ಈಗ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ. ಒಡೆದ ಮ್ಯಾಲೆ ಅಟ್ಟಕ್ಕೆ ಹಾಕಕ್ಕಾಗಲ್ಲ ಕಣೇ."

ಹೋಳುಗಳನ್ನು ಕೆಳಗಿಟ್ಟು, "ಇಸ್ಕೂಲಿಗೆ ಹೋಗ್ಬ್ಯಾಡ ಅಂತ ನಾನು ಅಂದ್ನಾ?" ಎಂದರು.

ಆ ರಾತ್ರಿಯ ಸಾರಿಗೆ ಅದೇ ಕಾಯಿ ಬಿತ್ತು. ಒಗರಾಗಿತ್ತು. ಡಾಕ್ಟರು ಇನ್ನೂ ಮೂರು ವಾರ ಸೇರಿಸಿದರು. ಒಂದು ವಾರ ಉಳಿಸಲು ಹೋಗಿ ಮೂರು ವಾರ ಕಳೆದುಕೊಂಡಿದ್ದೆ. ಆದರೆ ಆಮೇಲಿನ ಒಂದು ದಿನವನ್ನೂ ನಾನು ಕದಿಯಲಿಲ್ಲ. ಮಲಗುವುದೂ ಒಂದು ಕೆಲಸ ಎಂದುಕೊಂಡು ಮಲಗಿದೆ.

ಏಳುವ ದಿನ ಬಂದಾಗ ಮಾರ್ಚ್ ಮುಗಿಯುತ್ತಿತ್ತು. ದಪ್ಪ ಬಟ್ಟೆಯೊಳಗೆ ಕಬ್ಬಿಣದ ಪಟ್ಟಿ ಹೊಲಿದ ಬೆಲ್ಟನ್ನು ರವಿಕೆಯ ಕೆಳಗಿನಿಂದ ಸೊಂಟದವರೆಗೆ ಬಿಗಿದು, ಅದರ ಮೇಲೆ ಸೀರೆ. ಬೇಸಿಗೆಯ ಸೆಖೆಯಲ್ಲಿ ಮೈಯೆಲ್ಲ ಬೊಕ್ಕೆ. ನಡೆಯುವುದು ಹಿತ್ತಲಿನ ತೋಟದಲ್ಲಿ. ತೆಂಗಿನ ಸಾಲಿನಲ್ಲಿ ಮರದಿಂದ ಮರಕ್ಕೆ ಮೂವತ್ತಡಿ. ಮೊದಲ ದಿನ ಎರಡು ಮರ. ಅತ್ತೆ ಮುಂದೆ ಮುಂದೆ ಹೋಗುತ್ತಿದ್ದರು, ಹಿಂದೆ ತಿರುಗಿ ನೋಡುತ್ತಿರಲಿಲ್ಲ.

"ಕೈ ಹಿಡ್ಕೊಳ್ಳಿ ಅತ್ತೆ" ಎಂದೆ ಒಮ್ಮೆ.

"ನಾನು ಹಿಡ್ಕಂಡ್ರೆ ನೀನು ನನ್ನ ಸೊಂಟದ ಮ್ಯಾಲೆ ನಡೀತೀಯ. ನಿನ್ನ ಸೊಂಟ ಯಾವಾಗ ಕಲಿಯೋದು?"

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ತಲೆಯ ಮೇಲೆ ಅಟ್ಲಾಸ್ ಇಟ್ಟು, "ಬ್ಯಾಕ್ ಸ್ಟ್ರೇಟ್, ಚಿನ್ ಅಪ್" ಎಂದು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಲೇಡಿಯಾಗಲು ಅದು ಬೇಕಂತೆ. ಅತ್ತೆಗೆ ಆ ಕತೆ ಹೇಳಿದೆ. ಮಾರನೆಯ ದಿನ ಅವರು ಬಿಂದಿಗೆ ಹೊರುವ ಸಿಂಬೆಯೊಂದನ್ನು ನನ್ನ ನೆತ್ತಿಯ ಮೇಲೆ ಇಟ್ಟು, "ನಡಿ. ನಿಮ್ಮ ಸಿಸ್ಟ್ರು ಹೊಸದೇನೂ ಹೇಳ್ಕೊಟ್ಟಿಲ್ಲ" ಎಂದರು. ಸಿಂಬೆ ಬೀಳದ ಹಾಗೆ ನಡೆದರೆ ಬೆನ್ನು ತಾನಾಗಿ ನೆಟ್ಟಗಿರುತ್ತಿತ್ತು. ನೀರು ಹೊತ್ತ ನಮ್ಮ ಸೀಮೆಯ ಹೆಂಗಸರಿಗೆಲ್ಲ ಯಾರೂ ಹೇಳಿಕೊಡದೆ ಗೊತ್ತಿದ್ದ ಪಾಠ. ನಾನು ಮಾತ್ರ ಅದಕ್ಕೆ ಫೀಸು ಕಟ್ಟಿ ಬಂದಿದ್ದೆ.

ಏಪ್ರಿಲ್‌ನಲ್ಲಿ ಹತ್ತು ಮರ. ಮೇ ನಡುವಿಗೆ ಸಾಲು ಪೂರ್ತಿ, ಹೋಗಿ ಬಂದು. ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ ಎಂದು ಆಗ ತಿಳಿಯಿತು. ಕೊನೆಯ ಮರದ ಎದುರು ನಿಂತು, ಅದರ ಕಾಂಡವನ್ನೇ ಬೋರ್ಡು ಮಾಡಿಕೊಂಡು, ಗಡಿಯಾರ ನೋಡಿಕೊಂಡು ನಲವತ್ತು ನಿಮಿಷ ಗ್ರಾಮರ್ ಪಾಠ ಮಾಡುತ್ತಿದ್ದೆ. ಪಕ್ಕದ ತೋಟದವರು ಬೇಲಿಯ ಮೇಲಿಂದ ನೋಡಿ ನನಗೆ ಬೆನ್ನಿನ ಜೊತೆ ಇನ್ನೇನೋ ಕೆಟ್ಟಿದೆ ಎಂದು ತೀರ್ಮಾನಿಸಿರಬೇಕು.

ಯಜಮಾನರ ವಿಷಯ ಹೇಳಬೇಕು. ಆಕ್ಸಿಡೆಂಟ್ ಆದ ದಿನದಿಂದ ಅವರು ಸ್ಟಿಯರಿಂಗ್ ಮುಟ್ಟಿರಲಿಲ್ಲ. ರಿಪೇರಿಯಾಗಿ ಬಂದ ಕಾರು ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು. ಜೂನ್ ಒಂದರ ಹಿಂದಿನ ದಿನ, "ಜಟಕಾ ಮಾಡಿಸ್ತೀನಿ" ಎಂದರು.

"ಜಟಕಾದಲ್ಲಿ ಬೆನ್ನು ಕುಲುಕುತ್ತೆ. ನೀವೇ ಬಿಡಿ, ಕಾರಲ್ಲಿ."

"ನನ್ನ ಕೈಲಿ ಆಗಲ್ಲ ಕಣೇ."

"ನಾನು ಐದು ಪೀರಿಯಡ್ ನಿಲ್ತೀನಿ. ನೀವು ಒಂದೂವರೆ ಮೈಲಿ ಓಡಿಸಿ" ಎಂದೆ.

ಬೆಳಿಗ್ಗೆ ನಾನು ಹೊರಗೆ ಬರುವಷ್ಟರಲ್ಲಿ ಅವರು ಕಾರು ತೊಳೆದಿದ್ದರು. ಮುಂದಿನ ಬಾಗಿಲು ತೆರೆದು ಹಿಡಿದಿದ್ದರು. ನಾನು ಕಾಲಿಡುವ ಜಾಗವನ್ನು ಗುಡಿಸಿ, ಒರೆಸಿ, ಒಂದು ಹೊಸ ಮ್ಯಾಟು ಹಾಸಿದ್ದರು. ಎರಡೂ ಪಾದ ನೆಲಕ್ಕೆ ಊರಿ, ನೆಟ್ಟಗೆ ಕೂತೆ. ದಾರಿಯುದ್ದಕ್ಕೂ ಅವರು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಓಡಿಸಿದರು. ಅವರ ಬೆರಳುಗಳು ಬೆಳ್ಳಗಾಗಿದ್ದವು.

ಕ್ಲಾಸಿನಲ್ಲಿ ಹೆಡ್‌ಮಿಸ್ಟ್ರೆಸ್ ನನಗಾಗಿ ಬೋರ್ಡಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದರು. ದಯೆಯೋ ಪರೀಕ್ಷೆಯೋ, ಈವತ್ತಿಗೂ ಗೊತ್ತಿಲ್ಲ. ಅದರ ಮೇಲೆ ಅಟೆಂಡೆನ್ಸ್ ರಿಜಿಸ್ಟರ್ ಇಟ್ಟೆ, ಅದರ ಮೇಲೆ ಡಸ್ಟರ್ ಇಟ್ಟೆ. ಮೂರು ಪೀರಿಯಡ್ ಸಲೀಸಾಗಿ ಹೋಯಿತು. ನಾಲ್ಕನೆಯದರಲ್ಲಿ ಪಟ್ಟಿಯ ಕೆಳಗೆ ಬೆವರು ಹರಿಯತೊಡಗಿತು. ಐದನೆಯದರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಕೂತ್ಕೊಳ್ಳಿ ಮಿಸ್" ಎಂದಳು. "ಸಿಟ್ ಡೌನ್" ಎಂದು ಅವಳಿಗೇ ಹೇಳಿ, ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಹೋದೆ. ಬೋರ್ಡು ಆ ಹೊತ್ತಿಗೆ ನನ್ನ ಕಣ್ಣಿಗೆ ತೆಂಗಿನ ಕಾಂಡದ ಹಾಗೇ ಕಾಣುತ್ತಿತ್ತು. ಗಂಟೆ ಹೊಡೆಯಿತು.

ಮನೆಗೆ ಬಂದವಳು ಹಲಗೆಯ ಮೇಲೆ ಅಂಗಾತ ಮಲಗಿದೆ. ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದು ಕಾಲ ಬುಡದಲ್ಲಿ ಕೂತರು.

"ಎಷ್ಟಾಯ್ತೇ?"

"ಐದೂ ಆಯ್ತು, ಅತ್ತೆ."

"ನಾಳೆ?"

"ನಾಳೆನೂ ಐದು."

ಅವರು ಅಂಗಾಲು ತಿಕ್ಕತೊಡಗಿದರು. ಮೇಲೆ ಅಟ್ಟ ಖಾಲಿಯಾಗಿತ್ತು. ಹಿಂದಿನ ವಾರವಷ್ಟೇ ಕಾಯಿ ಇಳಿಸಿದ್ದರು. ದಬ್ಬೆಗಳ ಸಂದಿನಿಂದ ಮೊದಲ ಸಲ ಹೆಂಚು ಕಾಣಿಸಿತು. ಒಂದು ಹೆಂಚು ಓರೆಯಾಗಿತ್ತು. ನಾಳೆ ಸ್ಕೂಲಿಂದ ಬಂದ ಮೇಲೆ ಯಾರಿಗಾದರೂ ಹೇಳಿ ಸರಿಮಾಡಿಸಬೇಕು ಎಂದುಕೊಂಡೆ.